ತಲಪಾಡಿಯಿಂದ ನೀಲೇಶ್ವರಕ್ಕೆ: ಕಾಸರಗೋಡಿನ ಕಡಲ ದಾರಿಯಲ್ಲಿ ಎರಡು ದಿನ

"ಬೇಕಲ ನೋಡ್ಲಿಕ್ಕೆ ಬರ್ತಾ ಇದ್ದೇವೆ. ಮಧ್ಯಾಹ್ನದೊಳಗೆ ಮುಗಿಸಿ ವಾಪಸ್ ಹೋಗ್ಬಹುದಲ್ವಾ?"

ಡಿಸೆಂಬರ್ ಬಂತೆಂದರೆ ಕಾಸರಗೋಡಿನವರಿಗೆಲ್ಲ ಬೆಂಗಳೂರಿನ ನೆಂಟರಿಂದ ಈ ಫೋನು ಬರುತ್ತದೆ. ಹೋಗಬಹುದು, ಯಾರು ಬೇಡ ಅಂದರು? ಮಂಗಳೂರಿನಿಂದ ಬೇಕಲಕ್ಕೆ ಹೆಚ್ಚು ಕಡಿಮೆ 65 ಕಿ.ಮೀ. ಕೋಟೆಯ ಬುರುಜಿನಲ್ಲಿ ನಿಂತು ಫೋಟೋ ಹೊಡೆದು, ಊಟಕ್ಕೆ ಮಂಗಳೂರಿಗೆ ಮುಟ್ಟಬಹುದು. ಆದರೆ ಹಾಗೆ ಬಂದು ಹೋದವರು ನೋಡಿದ್ದು ಒಂದು ಕೋಟೆ ಮತ್ತು ಒಂದು ಹೆದ್ದಾರಿ. ಕಾಸರಗೋಡನ್ನಲ್ಲ.

ಹಾಗಾಗಿ ಇದು ಎರಡು ದಿನದ ಲೆಕ್ಕ. ತಲಪಾಡಿ ಗಡಿಯಿಂದ ನೀಲೇಶ್ವರದವರೆಗೆ ಸುಮಾರು 70 ಕಿ.ಮೀ. ಇಷ್ಟು ಸಣ್ಣ ದಾರಿಗೆ ಎರಡು ದಿನವಾ ಅಂತ ಕೇಳಬೇಡಿ. ಕೆಳಗೆ ಹೇಳಿದ ಹಾಗೆ ಹೋದರೆ ಮೂರನೇ ದಿನವೂ ಬೇಕು ಅನಿಸುತ್ತದೆ.

ಮೊದಲು ದಾರಿ ಅರ್ಥ ಮಾಡಿಕೊಳ್ಳಿ

ತಲಪಾಡಿಯಿಂದ ಕಾಸರಗೋಡು ಪೇಟೆಯವರೆಗೆ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ಸಮಾನಾಂತರವಾಗಿ ಓಡುತ್ತದೆ. ಹಳಬರ ಬಾಯಲ್ಲಿ ಅದು ಇನ್ನೂ ಎನ್‌ಎಚ್ 17. ಈಗ ಆರು ಪಥದ ರಸ್ತೆ. ವೇಗ ಬಂದಿದೆ, ನೋಟ ಹೋಗಿದೆ. ಎರಡೂ ಬದಿ ಕಾಂಕ್ರೀಟ್ ಗೋಡೆ ಎದ್ದಲ್ಲಿ ಪಕ್ಕದಲ್ಲೇ ಕಡಲಿದೆ ಅಂತ ಗೊತ್ತೂ ಆಗುವುದಿಲ್ಲ.

ನನ್ನ ಸೂತ್ರ ಒಂದೇ: ಎಲ್ಲಿ ಹೊಳೆ ಸಿಗುತ್ತದೋ ಅಲ್ಲಿ ಹೆದ್ದಾರಿ ಬಿಟ್ಟು ಪಡುವಕ್ಕೆ ತಿರುಗಿ. ನಮ್ಮಲ್ಲಿ ಎಡ ಬಲ ಅನ್ನುವುದು ಕಡಿಮೆ, ಮೂಡು ಪಡು ಅನ್ನುವುದೇ ಜಾಸ್ತಿ. ಬೆಟ್ಟ ಇರುವ ಕಡೆ ಮೂಡು, ಕಡಲಿರುವ ಕಡೆ ಪಡು. ದಾರಿ ಕೇಳಿದರೆ ಉತ್ತರವೂ ಹಾಗೇ ಬರುತ್ತದೆ. ಜಿಲ್ಲೆಗೆ 12 ಹೊಳೆಗಳ ಲೆಕ್ಕವಿದೆ. ಮಂಜೇಶ್ವರ ಹೊಳೆ 16 ಕಿ.ಮೀ. ಮಾತ್ರ, ಚಂದ್ರಗಿರಿ 105 ಕಿ.ಮೀ. ಇವು ಕಡಲು ಸೇರುವ ಜಾಗಕ್ಕೆ ನಾವು ಅಳಿವೆ ಅನ್ನುತ್ತೇವೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ನಾಲಿಗೆ ಚಾಚಿದ ಹಾಗೆ ಮರಳು. ಈ ಊರಿನ ನಿಜವಾದ ಚಂದ ಬೀಚಿಗಿಂತ ಅಳಿವೆಯಲ್ಲಿದೆ.

ಇನ್ನೆರಡು ಸಂಗತಿ ತಲೆಯಲ್ಲಿರಲಿ. ಒಂದು, ಕಾಸರಗೋಡಿನವರೆಗೆ ಹೆದ್ದಾರಿಗೂ ಕಡಲಿಗೂ ನಡುವೆ ರೈಲು ಹಳಿ ಇದೆ. ಹಳಿ ದಾಟದೆ ಕಡಲು ಸಿಗುವುದಿಲ್ಲ. ಎಷ್ಟೋ ಕಡೆ ದಾಟುವುದು ಗೇಟಿನಲ್ಲಿ ಅಥವಾ ಗಿಡ್ಡ ಅಂಡರ್‌ಪಾಸಿನಲ್ಲಿ. ದೊಡ್ಡ ಟೆಂಪೋ ಟ್ರಾವೆಲರ್ ತಂದವರು ಮೊದಲೇ ಯಾರನ್ನಾದರೂ ಕೇಳಿಯೇ ನುಗ್ಗಿ. ಎರಡು, ಆರು ಪಥದ ರಸ್ತೆಯಿಂದ ಹೊರಗೆ ಬರುವ ಜಾಗ ತಪ್ಪಿದರೆ ತಪ್ಪಿದ್ದೇ. ಇಲ್ಲೇ ಹುಟ್ಟಿ ಬೆಳೆದ ನಾನೇ ಒಮ್ಮೆ ಮಾತಾಡುತ್ತ ಕುಂಬಳೆಯನ್ನು ದಾಟಿಬಿಟ್ಟೆ. ಕಣ್ಣೆದುರೇ ಪೇಟೆ ಕಾಣುತ್ತಿದೆ, ಇಳಿಯಲಿಕ್ಕೆ ದಾರಿ ಇಲ್ಲ. ಪಕ್ಕದಲ್ಲಿ ಕೂತಿದ್ದ ಭಾವ, "ಎಂತ ಮಾರಾಯ, ನಿನ್ನ ಊರಿಗೆ ನಿನಗೇ ದಾರಿ ಗೊತ್ತಿಲ್ವಾ?" ಅಂತ ಇವತ್ತಿಗೂ ಚುಚ್ಚುತ್ತಾನೆ. ಹಾಗಾಗಿ ಇಳಿಯಬೇಕಾದ ಊರಿಗಿಂತ ಎರಡು ಕಿ.ಮೀ. ಮೊದಲೇ ಸರ್ವಿಸ್ ರೋಡಿಗೆ ಇಳಿದುಬಿಡಿ. ನಿಧಾನ ಆಗುತ್ತದೆ, ಆಗಲಿ.

ಕಾಸರಗೋಡು ಪೇಟೆ ದಾಟಿದ ಮೇಲೆ ಕಥೆ ಬೇರೆ. ಹೆದ್ದಾರಿ ಅಲ್ಲಿಂದ ಮೂಡಕ್ಕೆ ತಿರುಗಿ ಚೆಂಗಳ, ಪೆರಿಯ ಅಂತ ಒಳನಾಡಿಗೆ ಹೋಗಿಬಿಡುತ್ತದೆ. ಫೋನಿನ ಮ್ಯಾಪು ನಿಮ್ಮನ್ನು ಆ ಕಡೆ ಎಳೆದರೂ ಎಳೆಯಬಹುದು. ಒಪ್ಪಬೇಡಿ. ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ ಕಾಞಂಗಾಡಿಗೆ ಹೋಗುವ ಹಳೆಯ ಕರಾವಳಿ ರಸ್ತೆ ಇದೆ. ಊರವರು ಕೆಎಸ್‌ಟಿಪಿ ರೋಡು ಅನ್ನುತ್ತಾರೆ. ಸುಮಾರು 28 ಕಿ.ಮೀ. ಹೆದ್ದಾರಿಗಿಂತ ಹತ್ತಿರವೂ ಹೌದು, ಚಂದವೂ ಹೌದು. ನಿಮಗೆ ಬೇಕಾದದ್ದು ಇದು.

ಯಾವಾಗ ಬರಬೇಕು

ನವೆಂಬರಿನಿಂದ ಫೆಬ್ರವರಿವರೆಗೆ ಹಿತ. ಬೆಳಿಗ್ಗೆ ಸಣ್ಣ ಚಳಿ, ಆಕಾಶ ಸ್ವಚ್ಛ. ಮಲಯಾಳದ ದೈವನರ್ತನವಾದ ತೆಯ್ಯಂ ಕಟ್ಟುವ ಕಾಲವೂ ಇದೇ. ತೆಂಕಣ ಅಂದರೆ ದಕ್ಷಿಣ ಭಾಗದ ಕಾವುಗಳಲ್ಲಿ (ದೇವರ ಬನಗಳಲ್ಲಿ) ಅಕ್ಟೋಬರ್ ಕೊನೆಯಿಂದ ಮೇ ತನಕ ನಡೆಯುತ್ತದೆ. ಬಡಗಣದಲ್ಲಿ, ಅಂದರೆ ಉತ್ತರದಲ್ಲಿ, ಅದೇ ಕಾಲಕ್ಕೆ ಕೋಲ, ನೇಮ, ಯಕ್ಷಗಾನ. ರಾತ್ರಿ ಎಲ್ಲಿಯಾದರೂ ಚೆಂಡೆ ಕೇಳಿದರೆ ಗಾಡಿ ನಿಲ್ಲಿಸಿ. ಟಿಕೆಟು ಇಲ್ಲ, ಯಾರೂ ಬೇಡ ಅನ್ನುವುದಿಲ್ಲ. ಫೋಟೋ ತೆಗೆಯುವ ಮೊದಲು ಮಾತ್ರ ಒಂದು ಮಾತು ಕೇಳಿ.

ಮಾರ್ಚ್ ಕಳೆದರೆ ಸೆಕೆ. ಹಿಂಡಿದರೆ ಅಂಗಿಯಿಂದ ಒಂದು ಚೊಂಬು ನೀರು ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ವಿಷಯವೂ ಇದೆ. ಗಾಳಿ ಇಲ್ಲ, ಮಳೆ ಇಲ್ಲ, ಆದರೂ ಕಡಲು ಇದ್ದಕ್ಕಿದ್ದ ಹಾಗೆ ಉಕ್ಕಿ ದಡಕ್ಕೆ ನುಗ್ಗುತ್ತದೆ. ಮಲಯಾಳಂನಲ್ಲಿ ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ದೂರದ ದಕ್ಷಿಣ ಮಹಾಸಾಗರದಲ್ಲಿ ಎದ್ದ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿ ಬಂದು ಒಡೆಯುವುದು ಇದಕ್ಕೆ ಕಾರಣ. ಇದರ ಮುನ್ನೆಚ್ಚರಿಕೆ ಕೊಡುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ. ಸುದ್ದಿಯಲ್ಲಿ ಆ ಹೆಸರು ಕೇಳಿದರೆ ಆ ದಿನ ಅಳಿವೆಯ ಹತ್ತಿರ ಹೋಗಬೇಡಿ.

ಮಳೆಗಾಲದಲ್ಲಿ ಬರಬಹುದಾ? ನೋಡಲಿಕ್ಕೆ ಅದೇ ಚಂದ ಅಂತ ನನ್ನ ಅಭಿಪ್ರಾಯ. ಬೇಕಲದ ಗೋಡೆಯ ಮೇಲೆ ಹುಲ್ಲು ಚಿಗುರಿ, ಕೆಳಗೆ ಕಡಲು ಕೆಂಪಗೆ ಕುದಿಯುತ್ತಿರುತ್ತದೆ. ಆದರೆ ನೀರಿಗಿಳಿಯುವ ಮಾತೇ ಇಲ್ಲ. ಮೀನು ತಿನ್ನುವ ಆಸೆ ಇದ್ದವರಿಗೂ ನಿರಾಸೆ. ಕೇರಳದಲ್ಲಿ ಜೂನ್ ಎರಡನೇ ವಾರದಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಆಗ ಸಿಗುವುದು ಸಣ್ಣ ದೋಣಿಯ ಮೀನು. ರುಚಿ ಜಾಸ್ತಿ, ರೇಟು ಅದಕ್ಕಿಂತ ಜಾಸ್ತಿ.

ಗಾಡಿಯಲ್ಲಿ ಒಂದು ಲುಂಗಿ ಅಥವಾ ಪಂಚೆ ಇರಲಿ. ಇಲ್ಲಿಯ ದೇವಸ್ಥಾನಗಳಲ್ಲಿ ಒಳಸುತ್ತಿಗೆ ಹೋಗುವಾಗ ಗಂಡಸರು ಅಂಗಿ ತೆಗೆಯಬೇಕು. ಕೆಲವು ಕಡೆ ಚಡ್ಡಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ಪೆಟ್ರೋಲು ಗಡಿಯ ಆಚೆ, ಕರ್ನಾಟಕದಲ್ಲೇ ತುಂಬಿಸಿ. ಕೇರಳದಲ್ಲಿ ಸಾಮಾನ್ಯವಾಗಿ ಲೀಟರಿಗೆ ಕೆಲವು ರೂಪಾಯಿ ಜಾಸ್ತಿ. ಮಂಜೇಶ್ವರದವರು ಟ್ಯಾಂಕು ಖಾಲಿಯಾದರೆ ತಲಪಾಡಿಗೆ ಓಡುವುದು ಸುಮ್ನೆ ಅಲ್ಲ.

ಮೊದಲ ದಿನ, ಬೆಳಿಗ್ಗೆ: ಕಣ್ವತೀರ್ಥ ಮತ್ತು ಮಂಜೇಶ್ವರ

ಮಂಗಳೂರಿನಿಂದ ಆರು ಗಂಟೆಗೆ ಹೊರಡಿ. ಗಡಿ ದಾಟಿದ ಕೂಡಲೇ ಸಿಗುವ ಕಣ್ವತೀರ್ಥಕ್ಕೆ ಪಡುವಕ್ಕೆ ತಿರುಗಿ. ಕಣ್ವ ಮುನಿಗಳ ಹೆಸರು ಹೊತ್ತ ಜಾಗ. ಮಧ್ವಾಚಾರ್ಯರು ಉಡುಪಿಯ ಅಷ್ಟಮಠದ ಯತಿಗಳನ್ನು ಎರಡೆರಡಾಗಿ ಜೋಡಿ ಮಾಡಿದ್ದು ಇಲ್ಲೇ ಅಂತ ಹೇಳುತ್ತಾರೆ. ಮಠದ ಆಚೆ ಉದ್ದಕ್ಕೆ ಮರಳು. ಈ ಹೊತ್ತಿಗೆ ಅಲ್ಲಿ ನೀವು, ನಾಲ್ಕು ನಾಯಿ ಮತ್ತು ಅದೃಷ್ಟ ಇದ್ದರೆ ಕೈರಂಪಣಿ ಎಳೆಯುವವರು.

ಕೈರಂಪಣಿ ಸಿಕ್ಕಿದರೆ ಬೇರೆ ಎಲ್ಲ ಕಾರ್ಯಕ್ರಮ ಹಿಂದಕ್ಕೆ ಹಾಕಿ. ಒಂದು ದೋಣಿ ಬಲೆಯನ್ನು ಅರ್ಧಚಂದ್ರಾಕಾರಕ್ಕೆ ಕಡಲಲ್ಲಿ ಬಿಟ್ಟು ಬರುತ್ತದೆ. ಬಲೆಯ ಎರಡು ತುದಿಯ ಹಗ್ಗ ದಡದಲ್ಲಿ ಎರಡು ಗುಂಪಿನ ಕೈಯಲ್ಲಿ. ಒಂದೇ ತಾಳಕ್ಕೆ ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಾರೆ. ಕೊನೆಯವನು ಹಗ್ಗ ಬಿಟ್ಟು ಓಡಿ ಬಂದು ನೀರಿನ ಅಂಚಿನಲ್ಲಿ ಮತ್ತೆ ಹಿಡಿಯುತ್ತಾನೆ. ಎರಡು ಗುಂಪು ಹತ್ತಿರ ಹತ್ತಿರ ಬಂದ ಹಾಗೆ ಗಿಡುಗಗಳು ತಲೆಯ ಮೇಲೆ ಸುತ್ತಲಿಕ್ಕೆ ಶುರು. ಬಲೆಯ ಚೀಲ ಮರಳಿಗೆ ಬಂದಾಗ ಒಮ್ಮೊಮ್ಮೆ ಬುಟ್ಟಿಗಟ್ಟಲೆ ಬೂತಾಯಿ, ಒಮ್ಮೊಮ್ಮೆ ಅರ್ಧ ಬಕೀಟು ಚಿಲ್ಲರೆ ಮೀನು ಮತ್ತು ಒಂದಷ್ಟು ಪ್ಲಾಸ್ಟಿಕ್. ಕೈ ಹಾಕಿ ಎಳೆಯುತ್ತೇನೆ ಅಂದರೆ ಬೇಡ ಅನ್ನುವುದಿಲ್ಲ. ಅಂಗೈ ಉರಿದರೆ ನನ್ನನ್ನು ಬೈಯಬೇಡಿ.

ಹೊಸಂಗಡಿಯಲ್ಲಿ ತಿಂಡಿ. ಬನ್ಸ್, ಗೋಳಿಬಜೆ, ಅವಲಕ್ಕಿ ಸಜ್ಜಿಗೆ, ಇಷ್ಟು ಯಾವ ಸಣ್ಣ ಹೋಟೆಲಿನಲ್ಲೂ ಸಿಗುತ್ತದೆ. ಪಕ್ಕದ ಮೇಜಿನ ಮಾತಿಗೆ ಕಿವಿ ಕೊಡಿ. ತುಳುವಿನಲ್ಲಿ ಶುರುವಾದ ಮಾತು ಕನ್ನಡಕ್ಕೆ ತಿರುಗಿ, ಬಿಲ್ಲು ಕೊಡುವಾಗ ಮಲಯಾಳಕ್ಕೆ ಮುಟ್ಟಿರುತ್ತದೆ. ಬ್ಯಾರಿ, ಕೊಂಕಣಿ, ಮರಾಠಿ ಬೇರೆ. ಉಪ್ಪಳಕ್ಕೆ ಹೋದರೆ ಮನೆಮಾತು ಉರ್ದು ಆಗಿರುವವರೂ ಸಿಗುತ್ತಾರೆ. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುವುದನ್ನು ಇಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಕೇಳಬಹುದು.

ತಿಂಡಿ ಆದ ಮೇಲೆ ಗೋವಿಂದ ಪೈಗಳ ಮನೆ. ಮಂಜೇಶ್ವರಕ್ಕೆ ಬಂದ ಕನ್ನಡಿಗ ಇದನ್ನು ತಪ್ಪಿಸುವುದು ಸರಿಯಲ್ಲ. ಎಂ. ಗೋವಿಂದ ಪೈ, 1883ರಿಂದ 1963, ಕನ್ನಡದ ಮೊದಲ ರಾಷ್ಟ್ರಕವಿ. ಆ ಬಿರುದು ಕೊಟ್ಟದ್ದು 1949ರಲ್ಲಿ ಮದ್ರಾಸ್ ಸರ್ಕಾರ, ಯಾಕೆಂದರೆ ಆಗ ಈ ಊರೆಲ್ಲ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆಯಾಯಿತು. ಕವಿಯ ಮನೆ ಈಗ ಗಿಳಿವಿಂಡು ಎಂಬ ಹೆಸರಿನ ಸ್ಮಾರಕ. ಎರಡನೆಯ ಅಕ್ಷರದ ಪ್ರಾಸವನ್ನು ಧೈರ್ಯವಾಗಿ ಬಿಟ್ಟು ಕನ್ನಡ ಕವಿತೆಗೆ ಹೊಸ ದಾರಿ ತೋರಿಸಿದ ಮನುಷ್ಯ ಕೂತು ಬರೆದ ಜಾಗ ಎಷ್ಟು ಸರಳ ಅಂತ ನೋಡಿ. ಒಳಗೆ ಹೋಗುವ ವೇಳೆ ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ರಜಾದಿನ ಬಾಗಿಲು ಹಾಕಿರಬಹುದು.

ಪೇಟೆಯಲ್ಲೇ ಗೌಡ ಸಾರಸ್ವತರ ಅನಂತೇಶ್ವರ ದೇವಸ್ಥಾನವಿದೆ, ಷಷ್ಠಿಯ ತೇರಿಗೆ ಹೆಸರಾದದ್ದು. ಹೊಳೆಯ ಬದಿ ಬಂಗ್ರಮಂಜೇಶ್ವರದಲ್ಲಿ ಹಳೆಯ ಜೈನ ಬಸದಿಗಳಿವೆ. ಪಕ್ಕದ ಉದ್ಯಾವರದಲ್ಲಿ ಅರಸು ದೈವಗಳ ಮಾಡಕ್ಕೂ (ದೈವಸ್ಥಾನಕ್ಕೂ) ಅಲ್ಲಿಯ ಸಾವಿರ ಜಮಾಅತಿನ ಮಸೀದಿಗೂ ಹಿಂದಿನಿಂದ ನಂಟು. ಜಾತ್ರೆಗೆ ಮೊದಲು ದೈವದ ಪಾತ್ರಿಗಳು ಮಸೀದಿಗೆ ಹೋಗಿ ಆಮಂತ್ರಣ ಕೊಡುವುದು ಸಂಪ್ರದಾಯ. ಇದನ್ನು ಊರವರು ವಿಶೇಷ ಅಂತ ಹೇಳುವುದೇ ಇಲ್ಲ. ನಾವಾಗಿ ಕೇಳಿದರೆ, "ಹೌದಲ್ಲ, ಮತ್ತೆ ಕರೆಯದೆ ಇರ್ಲಿಕ್ಕೆ ಆಗ್ತದಾ?" ಅನ್ನುತ್ತಾರೆ.

ಹನ್ನೊಂದರೊಳಗೆ ಅನಂತಪುರ, ಆಮೇಲೆ ಕುಂಬಳೆ

ಉಪ್ಪಳ, ಶಿರಿಯ ಹೊಳೆಗಳನ್ನು ದಾಟಿ ಕುಂಬಳೆಗೆ ಬನ್ನಿ. ಪೇಟೆ ಸಿಗುವ ಮೊದಲು ಆರಿಕ್ಕಾಡಿ ಕೋಟೆ. ಪಾಳು ಬಿದ್ದದ್ದು, ಹತ್ತು ನಿಮಿಷ ಸಾಕು. ಬೇಕಲ ನೋಡುವ ಮೊದಲು ಇದನ್ನು ನೋಡಿದರೆ ಈ ದಾರಿಯ ಕೋಟೆಗಳ ಸರಣಿ ಅರ್ಥವಾಗುತ್ತದೆ. ಆರಿಕ್ಕಾಡಿ, ಚಂದ್ರಗಿರಿ, ಬೇಕಲ, ಹೊಸದುರ್ಗ, ಹೀಗೆ ಕರಾವಳಿಯುದ್ದಕ್ಕೂ ಕೆಳದಿ ನಾಯಕರು ಬಿಟ್ಟುಹೋದ ಕೋಟೆಗಳಿವೆ.

ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ನಾಯ್ಕಾಪು. ಅಲ್ಲಿಂದ ಒಳಗೆ ಅನಂತಪುರ ದೇವಸ್ಥಾನ. ಒಟ್ಟು ಐದಾರು ಕಿ.ಮೀ. ಇದು ಮಾತ್ರ ಮೂಡಕ್ಕೆ ತಿರುಗುವ ದಾರಿ, ಆದರೆ ಬಿಡುವ ಹಾಗಿಲ್ಲ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ಹನ್ನೊಂದರೊಳಗೆ ಮುಟ್ಟಿ. ಮುರಕಲ್ಲಿನ ಬೋಳು ಪದವಿನ ಮೇಲೆ ಬರುವಾಗ ಇಲ್ಲೆಲ್ಲಿ ನೀರು ಅನಿಸುತ್ತದೆ. ಮೆಟ್ಟಿಲಿಳಿದರೆ ಹಸಿರು ಕೆರೆ, ಅದರ ನಡುವೆ ಗರ್ಭಗುಡಿ, ಹೋಗಲಿಕ್ಕೆ ಒಂದು ಸಣ್ಣ ಕಾಲುಸಂಕ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದು ಅಂತ ನಂಬಿಕೆ. ಇಲ್ಲಿಯ ಮೂಲ ಮೂರ್ತಿಗಳು ಕಲ್ಲಿನವಾಗಿರಲಿಲ್ಲ, ಕಡುಶರ್ಕರ ಪಾಕ ಅಂತ ಹೇಳುವ ಮಿಶ್ರಣದವು.

ಕೆರೆಯ ಮೊಸಳೆ ಬಬಿಯಾನ ಕಥೆ ಎಲ್ಲರಿಗೂ ಗೊತ್ತು. ನೈವೇದ್ಯದ ಅನ್ನ ತಿಂದು ಬದುಕಿದ್ದ ಅದು 2022ರ ಅಕ್ಟೋಬರಿನಲ್ಲಿ ಸತ್ತಾಗ ಜನ ಸಾಲುಗಟ್ಟಿ ಬಂದು ಕೈ ಮುಗಿದರು. ಮುಂದಿನ ವರ್ಷವೇ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಹಾಗಾಗಿ ನೀವು ಹೋದಾಗಲೂ ಕೆರೆಯ ಅಂಚಿನಲ್ಲಿ ಹತ್ತು ಜನ ಉಸಿರು ಬಿಗಿಹಿಡಿದು ನೀರನ್ನೇ ನೋಡುತ್ತಿರುತ್ತಾರೆ. ನಾನು ಎಷ್ಟು ಸಲ ಹೋದರೂ ನನಗೆ ಕಂಡದ್ದು ಮೀನು ಮಾತ್ರ.

ಊಟಕ್ಕೆ ಕುಂಬಳೆಗೆ ವಾಪಸ್. ಕಣಿಪುರ ಗೋಪಾಲಕೃಷ್ಣ ದೇವಸ್ಥಾನ ಪೇಟೆಯಲ್ಲೇ ಇದೆ. ಇದು ಕುಂಬಳೆ ಸೀಮೆಯ ಅರಸರ ಊರು. ಯಕ್ಷಗಾನ ಪ್ರಸಂಗಗಳ ಪಾರ್ತಿಸುಬ್ಬ ಇಲ್ಲಿಯವನೇ. ತೆಂಕುತಿಟ್ಟಿನ ಅಭಿಮಾನಿಗಳಿಗೆ ಈ ಒಂದು ಸಾಲು ಸಾಕು, ಉಳಿದವರು ಊಟ ಮಾಡಿ ಮುಂದೆ ಹೋಗಬಹುದು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಏನೂ ನೋಡಬೇಡಿ. ಬಿಸಿಲು ಯಾರನ್ನೂ ಬಿಡುವುದಿಲ್ಲ. ಕಾಸರಗೋಡಿಗೆ ಹೋಗಿ ರೂಮಿನಲ್ಲಿ ಮಲಗಿ. ಮಲಗಲಿಕ್ಕೆ ಆಗುವುದಿಲ್ಲ ಅನ್ನುವ ಜಾತಿಯವರಾದರೆ ಕಾಸರಗೋಡು ಸೀರೆ ಹುಡುಕಿ. ಕೈಮಗ್ಗದ ಹತ್ತಿ ಸೀರೆ, ಜಿಐ ಟ್ಯಾಗ್ ಇದೆ, ನೇಕಾರರ ಸಹಕಾರಿ ಸಂಘದಲ್ಲಿ ಸಿಗುತ್ತದೆ. ಅಮ್ಮನಿಗೆ ತೆಗೆದುಕೊಂಡರೆ ಮುಂದಿನ ಸಲ ಕಾರಿನ ಕೀ ಸುಲಭವಾಗಿ ಸಿಗುತ್ತದೆ.

ಐದು ಗಂಟೆಗೆ ಎದ್ದು ಹೊರಟರೆ ಮೊದಲ ದಿನದ ಸೂರ್ಯಾಸ್ತ ಕುಂಬಳೆಯ ಕೋಯಿಪ್ಪಾಡಿ ಕಡಪ್ಪುರದಲ್ಲಿ. ಹತ್ತು ಹದಿಮೂರು ಕಿ.ಮೀ. ಹಿಂದಕ್ಕೆ ಬರಬೇಕು, ನಿಜ. ಆದರೆ ಇಲ್ಲಿ ಬೆಂಚು ಇಲ್ಲ, ಐಸ್ ಕ್ರೀಮ್ ಗಾಡಿ ಇಲ್ಲ. ದೋಣಿ ಎಳೆದು ಹಾಕಿದ್ದಾರೆ, ಬಲೆ ಒಣಗುತ್ತಿದೆ, ಮಕ್ಕಳು ಫುಟ್‌ಬಾಲ್ ಆಡುತ್ತಿದ್ದಾರೆ. ಪಕ್ಕದ ಮೊಗ್ರಾಲಿಗೆ ಫುಟ್‌ಬಾಲ್ ಊರು ಅಂತಲೇ ಹೆಸರು. ಹೊಳೆ ಕಡಲಿಗೆ ಬೀಳುವ ಕಡೆಗೆ ನಡೆದರೆ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವುದು ಕಾಣಬಹುದು. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆ ದಾಟುತ್ತಿದ್ದ ಹಾಗೆ ಮುಳುಗುತ್ತಾನೆ, ಏಪ್ರಿಲಿನಲ್ಲಿ ಆರೂ ಮುಕ್ಕಾಲು.

ರಾತ್ರಿ ಕಾಸರಗೋಡಿನಲ್ಲಿ ಮೀನು ತಿನ್ನುವವರು ಅರಿಕಡುಕ್ಕ ಕೇಳಿ. ಕಲ್ಲುಮ್ಮಕ್ಕಾಯಿಯ ಚಿಪ್ಪಿನೊಳಗೆ ಅಕ್ಕಿ ಹಿಟ್ಟು ತುಂಬಿ ಬೇಯಿಸಿ, ಚಿಪ್ಪು ತೆಗೆದು, ಖಾರ ಸವರಿ ಹುರಿಯುತ್ತಾರೆ. ನಮ್ಮ ಕಡೆ ಇದೇ ಜೀವಿಗೆ ಪಚ್ಚಿಲೆ ಅನ್ನುತ್ತಾರೆ. ಒಂದು ತಟ್ಟೆ ಸಾಲುವುದಿಲ್ಲ. ಮೀನು ಬೇಡವಾದವರಿಗೆ ನೀರ್ದೋಸೆ ಇದ್ದೇ ಇದೆ.

ಎರಡನೇ ದಿನ: ಮಧೂರು, ಚಂದ್ರಗಿರಿ

ಬೆಳಿಗ್ಗೆ ಏಳಕ್ಕೆ ಮಧೂರು. ಪೇಟೆಯಿಂದ ಏಳೆಂಟು ಕಿ.ಮೀ., ಮಧುವಾಹಿನಿ ಹೊಳೆಯ ದಡ. ಮೂಲ ದೇವರು ಮದನಂತೇಶ್ವರ, ಅಂದರೆ ಶಿವ. ಆದರೆ ಜನ ಬರುವುದು ಗಣಪತಿಗೆ. ಹೊರಗೆ ನಿಂತು ಮೊದಲು ದೇವಸ್ಥಾನದ ಮಾಡು (ಛಾವಣಿ) ನೋಡಿ: ಆನೆಯ ಬೆನ್ನಿನ ಹಾಗೆ ಗುಂಡಗೆ ಬಾಗಿದ ಗಜಪೃಷ್ಠ, ಮೂರು ಅಂತಸ್ತು, ತಾಮ್ರದ ಹೊದಿಕೆ. ಟಿಪ್ಪು ಈ ದಾರಿಯಾಗಿ ಬಂದಾಗ ಬಾವಿಯ ನೀರು ಕುಡಿದು ಮನಸ್ಸು ಬದಲಿಸಿದ, ಹೆಸರಿಗೊಂದು ಕತ್ತಿಯ ಗುರುತು ಮಾತ್ರ ಹಾಕಿ ಹೋದ ಅಂತ ಕಥೆ. ಗುರುತನ್ನು ಈಗಲೂ ತೋರಿಸುತ್ತಾರೆ. 2025ರಲ್ಲಿ ಇಲ್ಲಿ ಬ್ರಹ್ಮಕಲಶ, ಗಣಪತಿಯನ್ನು ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ ನಡೆದವು. ಅದಕ್ಕೆ ಮೊದಲಿನದು 1992ರಲ್ಲಿ. ನಿಮಗೆ ದಿನವೂ ಸಿಗುವುದು ಅಪ್ಪ ಪ್ರಸಾದ. ಬಿಸಿ ಇರುವಾಗಲೇ ತಿನ್ನಿ. ಮನೆಗೆ ಅಂತ ಕಟ್ಟಿಸಿಕೊಂಡದ್ದು ಬೇಕಲ ಮುಟ್ಟುವ ಮೊದಲೇ ಖಾಲಿಯಾಗುತ್ತದೆ, ಅನುಭವದ ಮಾತು.

ವಾಪಸ್ ಬಂದು ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಕಡೆ ಒಂದು ಸುತ್ತು ಹೋಗಬಹುದು. ಅರಬ್ಬಿ ವ್ಯಾಪಾರಿಗಳ ಕಾಲದ ನೆನಪಿನ ಜಾಗ, ಕೈಯಲ್ಲಿ ಹೊಲಿದ ತಳಂಗರೆ ಟೋಪಿಗೂ ಹೆಸರು. ಆಮೇಲೆ ಚಂದ್ರಗಿರಿ ಸೇತುವೆ.

ಸೇತುವೆ ದಾಟಿದ ಮೇಲೆ ಮೇಲ್ಪರಂಬದಲ್ಲಿ ಕೋಟೆಗೆ ದಾರಿ. ಸುಮಾರು ಏಳು ಎಕರೆಯ ಸಣ್ಣ ಕೋಟೆ, 17ನೇ ಶತಮಾನದಲ್ಲಿ ಕೆಳದಿ ಶಿವಪ್ಪ ನಾಯಕ ಕಟ್ಟಿಸಿದ್ದು. ಬೇಕಲದ ಹತ್ತನೇ ಒಂದು ಪಾಲು ಜನವೂ ಇಲ್ಲಿಗೆ ಬರುವುದಿಲ್ಲ. ಗೋಡೆ ಹತ್ತಿ ಪಡುವಕ್ಕೆ ಮುಖ ಮಾಡಿ ನಿಲ್ಲಿ. ಕೊಡಗಿನ ಕಡೆಯ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಅನಿಸಿಕೊಂಡ ಹೊಳೆ ಇಲ್ಲಿ ಅಗಲವಾಗಿ, ತೆಂಗಿನ ತೋಟಗಳ ನಡುವೆ ತಿರುಗಿ ಕಡಲಿಗೆ ಹೋಗುತ್ತದೆ. ರೈಲು ಸೇತುವೆ, ರಸ್ತೆ ಸೇತುವೆ, ಅಳಿವೆ ಎಲ್ಲ ಒಂದೇ ನೋಟಕ್ಕೆ. ನನ್ನನ್ನು ಕೇಳಿದರೆ ಇಡೀ ದಾರಿಯಲ್ಲಿ ಇದೇ ಮೊದಲನೇ ನೋಟ. ಬೇಕಲ ಎರಡನೆಯದು.

ಹಿಂದೆ ತುಳುನಾಡಿಗೂ ಮಲಯಾಳ ನಾಡಿಗೂ ಈ ಹೊಳೆಯೇ ಗಡಿ. ಈಗಲೂ ಗೊತ್ತಾಗುತ್ತದೆ. ಸೇತುವೆಯ ಬಡಗಣಕ್ಕೆ ಆಟೋದವರ ಹತ್ತಿರ ಕನ್ನಡದಲ್ಲಿ ದಾರಿ ಕೇಳಬಹುದು. ತೆಂಕಣಕ್ಕೆ ಹೋದಷ್ಟು ಮಲಯಾಳವೇ. "ಬೀಚ್ ಏಡೆ?" ಅಂದರೆ ಬೀಚ್ ಎಲ್ಲಿ. "ಎತ್ರ?" ಅಂದರೆ ಎಷ್ಟು. ಇವೆರಡು ಮತ್ತು ಒಂದು ನಗು ಸಾಕು. ಬೋರ್ಡು ಓದುವಾಗಲೂ ಸ್ವಲ್ಪ ಜಾಗ್ರತೆ. ನಾವು ಮಂಜೇಶ್ವರ, ನೀಲೇಶ್ವರ ಅಂದದ್ದಕ್ಕೆ ಅಲ್ಲಿ ಕೊನೆಗೊಂದು 'ಅಂ' ಸೇರಿರುತ್ತದೆ. ಕುಂಬಳೆ ಕುಂಬ್ಳ ಆಗಿರುತ್ತದೆ.

ಬೇಕಲ ಬಂತು, ನಿಲ್ಲಬೇಡಿ

ಹೌದು, ದಾಟಿ ಹೋಗಿ. ಹಿಂದಿನ ವರ್ಷ ಏಪ್ರಿಲಿನಲ್ಲಿ ಭಾವನ ಮನೆಯವರನ್ನು ಹನ್ನೊಂದೂವರೆಗೆ ಬೇಕಲಕ್ಕೆ ಕರೆದುಕೊಂಡು ಹೋಗಿ ಪಾಠ ಕಲಿತೆ. ಒಳಗೆ ಮರದ ನೆರಳು ಕಡಿಮೆ, ನಡೆಯುವುದು ಜಾಸ್ತಿ. ಬುರುಜಿನ ಇಳಿಜಾರಿನ ಅರ್ಧದಲ್ಲಿ ಅಕ್ಕ ಕೂತುಬಿಟ್ಟಳು. ಮಗುವಿನ ಚಪ್ಪಲಿಯ ಪಟ್ಟಿ ಹರಿದು, ಕಾದ ಕಲ್ಲಿನ ಮೇಲೆ ಕಾಲಿಡಲಿಕ್ಕೆ ಆಗದೆ ಅದು ಕುಣಿಯಿತು. ನೀರಿನ ಬಾಟಲಿ ಕಾರಿನಲ್ಲಿ. ಹಾಗಾಗಿ ಬೇಕಲ ಸಂಜೆಗೆ ಇರಲಿ. ಈಗ ತೆಂಕಣಕ್ಕೆ ಸೀದಾ ಹೋಗಿ.

ಕಾಞಂಗಾಡಿನಲ್ಲಿ ಒಂದು ಗಂಟೆ ಕೊಡಿ. ಇದರ ಹಳೆಯ ಹೆಸರು ಹೊಸದುರ್ಗ. ಹೊಸ ದುರ್ಗ, ಅಚ್ಚ ಕನ್ನಡ. ಕೆಳದಿಯವರು ಕೋಟೆ ಕಾಯಲಿಕ್ಕೆ ತಂದು ನೆಲೆಗೊಳಿಸಿದ ರಾಮಕ್ಷತ್ರಿಯರ ಮನೆಗಳು ಇಲ್ಲಿ, ಬೇಕಲದಲ್ಲಿ ಈಗಲೂ ಇವೆ. ಸುತ್ತ ಮಲಯಾಳವಿದ್ದರೂ ಒಳಗೆ ಕನ್ನಡ ಮಾತಾಡುವ ಮನೆಗಳು. ಕೋಟೆಯಲ್ಲಿ ಉಳಿದದ್ದು ಕಡಿಮೆ. ಅದಕ್ಕೆ ಹತ್ತಿಕೊಂಡೇ ನಿತ್ಯಾನಂದ ಸ್ವಾಮಿಗಳ ಆಶ್ರಮ, ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಗುಹೆಗಳು. ಹೊರಗೆ ಎಷ್ಟೇ ಉರಿಯಿದ್ದರೂ ಒಳಗೆ ತಂಪು. ಮೂಡಕ್ಕೆ ಐದು ಕಿ.ಮೀ. ಹೋದರೆ ಸ್ವಾಮಿ ರಾಮದಾಸರು 1931ರಲ್ಲಿ ಶುರು ಮಾಡಿದ ಆನಂದಾಶ್ರಮ. ಮೌನ ಇಷ್ಟವಿರುವವರಿಗೆ.

ನೀಲೇಶ್ವರದ ಕೋಟ್ಟಪ್ಪುರದಿಂದ ಬೋಟು ಹತ್ತುವುದು ಎರಡನೇ ದಿನದ ಮಧ್ಯಾಹ್ನದ ಕೆಲಸ. ಇಲ್ಲಿಂದ ತೆಂಕಣಕ್ಕೆ ವಲಿಯಪರಂಬದ ಹಿನ್ನೀರು. ಉದ್ದಕ್ಕೆ ಮಲಗಿದ ತೆಳ್ಳಗಿನ ದ್ವೀಪ, ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆಗಳ ನೀರು. ಆಲಪ್ಪುಳದಷ್ಟು ಬೋಟಿನ ಗಲಾಟೆ ಇಲ್ಲ. ಮನೆಬೋಟು ಇಡೀ ದಿನಕ್ಕೆ ಬೇಕಿಲ್ಲ, ಎರಡು ಮೂರು ಗಂಟೆಗೆ ಕೊಡುವವರಿದ್ದಾರೆ. ರಜೆಯ ದಿನ ಆದರೆ ಮೊದಲೇ ಮಾತಾಡಿ, ಊಟ ಸೇರಿಯಾ ಇಲ್ಲವಾ ಅಂತ ಬಾಯಿಬಿಟ್ಟು ಕೇಳಿ. ಆಳ ಕಡಿಮೆ ಇರುವಲ್ಲಿ ಬಿದಿರು ನೆಟ್ಟು ಹಗ್ಗ ಇಳಿಬಿಟ್ಟಿರುವುದು ಕಾಣುತ್ತದೆ. ಅದು ಕಲ್ಲುಮ್ಮಕ್ಕಾಯಿ ಕೃಷಿ. ಪಡನ್ನ, ತೃಕ್ಕರಿಪುರದ ಕಡೆ ಎಷ್ಟೋ ಮನೆಗಳ ದುಡಿಮೆ ಈ ಹಗ್ಗದಲ್ಲಿ ನೇತಾಡುತ್ತದೆ. ಮರಿಗಳನ್ನು ಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ಇಳಿಸುತ್ತಾರೆ. ಬಟ್ಟೆ ಕರಗಿ ಹೋಗುವಷ್ಟರಲ್ಲಿ ಅವು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಮಳೆಗಾಲಕ್ಕೆ ಮೊದಲು ಎಳೆದು ತೆಗೆಯುತ್ತಾರೆ, ಸಿಹಿನೀರು ನುಗ್ಗಿದರೆ ಅವು ಸಾಯುತ್ತವೆ. ನಿನ್ನೆ ರಾತ್ರಿ ತಿಂದ ಅರಿಕಡುಕ್ಕ ಹೀಗೆ ಬೆಳೆದದ್ದು.

ಮೂರು ಗಂಟೆಗೆ ಬಡಗಣಕ್ಕೆ ತಿರುಗಿ, ನಾಲ್ಕಕ್ಕೆ ಬೇಕಲ

40 ಎಕರೆ, ಕೇರಳದ ಅತಿ ದೊಡ್ಡ ಕೋಟೆ. 1650ರ ಆಸುಪಾಸಿನಲ್ಲಿ ಶಿವಪ್ಪ ನಾಯಕನ ಕಾಲದ್ದು. 1763ರಲ್ಲಿ ಕೆಳದಿ ಬಿದ್ದ ಮೇಲೆ ಹೈದರ್, ಟಿಪ್ಪು, ಆಮೇಲೆ ಕಂಪನಿ. ಅರಮನೆ ಹುಡುಕಬೇಡಿ, ಇದು ಪೂರ್ತಿ ಸೈನಿಕರ ಕೋಟೆ. ಬಾಗಿಲಲ್ಲಿ ಆಂಜನೇಯ, ಪಕ್ಕದಲ್ಲಿ ಹಳೆಯ ಮಸೀದಿ.

ಒಳಗೆ ಹೋದವರು ಸಾಮಾನ್ಯವಾಗಿ ನಡುವಿನ ದೊಡ್ಡ ಬುರುಜು ಹತ್ತಿ ಇಳಿಯುತ್ತಾರೆ. ನೀವು ಹತ್ತಿ, ಆದರೆ ಆಮೇಲೆ ಕಡಲ ಬದಿಯ ಗೋಡೆಗೆ ಬಂದು ಒಂದು ಕಿಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಒಂದೊಂದು ಕಿಂಡಿಯೂ ಒಂದೊಂದು ಕೋನಕ್ಕೆ ತೆರೆದಿದೆ. ಮೇಲಿನದರಲ್ಲಿ ಇಣುಕಿದರೆ ದೂರದ ನೀರು, ಅದರ ಕೆಳಗಿನದರಲ್ಲಿ ಹತ್ತಿರದ ಅಲೆ, ತೀರ ಕೆಳಗಿನದರಲ್ಲಿ ಗೋಡೆಯ ಬುಡದ ಬಂಡೆ. ಶತ್ರು ಹತ್ತಿರ ಬಂದ ಹಾಗೆ ಬಂದೂಕು ಒಂದು ಕಿಂಡಿಯಿಂದ ಕೆಳಗಿನ ಕಿಂಡಿಗೆ ಇಳಿಯುತ್ತಿತ್ತು. ಮಕ್ಕಳಿಗೆ ಇದನ್ನು ತೋರಿಸಿ ನೋಡಿ, ಅರ್ಧ ಗಂಟೆ ಅಲ್ಲಿಂದ ಏಳುವುದಿಲ್ಲ. ಮೆಟ್ಟಿಲಿರುವ ಕೆರೆ, ಮದ್ದಿನ ಮನೆ, ತೆಂಕಣ ಬದಿಯ ಸುರಂಗ ಇವೂ ಇವೆ.

ಸೂರ್ಯ ಮುಳುಗುವ ಮೊದಲೇ ಕೋಟೆಯ ಬಾಗಿಲು ಹಾಕುತ್ತಾರೆ. ಕಾವಲುಗಾರರ ಸೀಟಿ ಕೇಳುವ ಮೊದಲು ನೀವೇ ಇಳಿದು ಬೀಚಿಗೆ ಹೋಗಿ. ಗೋಡೆ ಕಪ್ಪಾಗಿ, ಹಿಂದೆ ಆಕಾಶ ಕೆಂಪಾಗುವುದು ಬೀಚಿನಿಂದಲೇ ಚಂದ. ಜನ ಬೇಡ ಅನಿಸಿದರೆ ಬಡಗಣಕ್ಕೆ ಸ್ವಲ್ಪ ಬಂದು ತೃಕ್ಕಣ್ಣಾಡು ದೇವಸ್ಥಾನದ ಎದುರು ನಿಲ್ಲಿ. ಒಂದು ಕಡೆ ತ್ರ್ಯಂಬಕೇಶ್ವರ, ರಸ್ತೆಯ ಆಚೆ ಕಡಲು. ದೂರದಲ್ಲಿ ನೀರಿನ ನಡುವೆ ಒಂದು ಕಲ್ಲು. ದೇವಸ್ಥಾನದ ಮೇಲೆ ದಾಳಿ ಮಾಡಲು ಬಂದ ಪಾಂಡ್ಯನ ಹಡಗು ಕಲ್ಲಾಯಿತು, ಅದೇ ಪಾಂಡ್ಯನ್ ಕಲ್ಲು ಅಂತ ಮೀನುಗಾರರು ಹೇಳುತ್ತಾರೆ. ಇನ್ನೂ ಬಡಗಣಕ್ಕೆ ಹೋದರೆ ಕಾಪಿಲ್ ಬೀಚ್, ಅದು ಇನ್ನೂ ನಿರ್ಜನ.

ಕೊನೆಗೆ ಕೆಲವು ಜಾಗ್ರತೆಯ ಮಾತು. ಅಳಿವೆಯಲ್ಲಿ ಈಜಬೇಡಿ. ಮೇಲೆ ಶಾಂತವಾಗಿ ಕಂಡರೂ ಇಳಿತದ ಹೊತ್ತಿಗೆ ಹೊಳೆ ನಿಮ್ಮನ್ನು ಎಳೆದುಕೊಂಡೇ ಕಡಲಿಗೆ ಹೋಗುತ್ತದೆ. ಬೇಕಲ ಬಿಟ್ಟರೆ ಉಳಿದ ಬೀಚುಗಳಲ್ಲಿ ಕಾವಲಿನವರನ್ನು ನಂಬಿಕೊಳ್ಳಬೇಡಿ. ಕಾರನ್ನು ಮರಳಿಗೆ ಇಳಿಸಬೇಡಿ. ಇಳಿಸಿದರೆ ಎತ್ತಲಿಕ್ಕೆ ಹತ್ತು ಜನ ಬರುತ್ತಾರೆ, ಬಂದವರೆಲ್ಲ ಏಳು ಭಾಷೆಯಲ್ಲಿ ಬುದ್ಧಿ ಹೇಳುತ್ತಾರೆ.

ಒಂದೇ ದಿನ ಇರುವವರು ಅನಂತಪುರ, ಚಂದ್ರಗಿರಿ ಕೋಟೆ, ಬೇಕಲದ ಸಂಜೆ, ಈ ಮೂರನ್ನು ಇಟ್ಟುಕೊಳ್ಳಿ. ಮೂರನೇ ದಿನ ಸಿಕ್ಕಿದರೆ ಪೊಸಡಿಗುಂಪೆ ಗುಡ್ಡ ಹತ್ತಿ, ಎರಡು ದಿನ ಓಡಾಡಿದ ಕಡಲಂಚು ಮೇಲಿನಿಂದ ಕಾಣುತ್ತದೆ. ಆ ಕಡೆಯ ಬಾಯಾರು ಸುತ್ತಿನ ತೋಟಗಳಲ್ಲಿ ಗುಡ್ಡಕ್ಕೆ ಅಡ್ಡ ಕೊರೆದು ನೀರು ತರುವ ಸುರಂಗಗಳಿವೆ. ಮನೆಯವರನ್ನು ಕೇಳಿದರೆ ಟಾರ್ಚು ಹಿಡಿದು ತೋರಿಸುತ್ತಾರೆ. ಬಗ್ಗಿ ಹೋಗಬೇಕು, ಕಣಕಾಲಿಗೆ ತಣ್ಣಗೆ ನೀರು ತಾಗುತ್ತದೆ, ತಲೆಯ ಮೇಲೆ ಬಾವಲಿ ಇದ್ದರೆ ಕಿರುಚಬೇಡಿ.